ಹಡಗಿನ ಬೆನ್ನಿಗಿದ್ದ ಕೋಣೆ

ಬಾಲ್ಕನಿಯ ಕುರ್ಚಿಯ ಬೆನ್ನಿಗೆ ಅತ್ತೆ ತಮ್ಮ ಒಳಲಂಗ ಹರವಿದ್ದು ಕಂಡಾಗ ಅವಳಿಗೆ ಮೊದಲು ಆದದ್ದು ಸಿಟ್ಟಲ್ಲ, ಸಮಾಧಾನ. ಇನ್ನು ಸ್ವಲ್ಪ ಹೊತ್ತು ಇದರ ಮೇಲೆ ಗೊಣಗಬಹುದು. ಗೊಣಗುತ್ತಿರುವಷ್ಟು ಹೊತ್ತು, ಹೇಳಲೇಬೇಕಾದ ಆ ಇನ್ನೊಂದು ಮಾತು ಗಂಟಲಲ್ಲೇ ಇರಬಹುದು.

“ಅತ್ತೆ, ಇಲ್ಲಿ ಬಟ್ಟೆ ಒಣಹಾಕಬಾರದು ಅಂತ ಬಾಗಿಲ ಹಿಂದೆ ದೊಡ್ಡದಾಗಿ ಬರೆದು ಅಂಟಿಸಿದಾರೆ.”

“ಬಾಗಿಲ ಹಿಂದೆ ಅಂಟಿಸಿದ್ರೆ ಯಾರಿಗೆ ಕಾಣಬೇಕು?” ಎಂದರು ಅತ್ತೆ, ಇನ್ನೊಂದು ಕುರ್ಚಿಯಲ್ಲಿ ಕಾಲು ನೀಡಿ ಕೂತಲ್ಲಿಂದಲೇ. “ಇಷ್ಟೊಂದು ಬಿಸಿಲು ಸುಮ್ನೆ ಸಮುದ್ರದ ಮೇಲೆ ಬೀಳ್ತಿದೆಯಲ್ಲೇ ಹುಡುಗಿ. ಸಮುದ್ರ ಯಾವತ್ತಾದ್ರೂ ಒಣಗುತ್ತಾ? ನನ್ನ ಲಂಗವಾದ್ರೂ ಒಣಗಲಿ.”

ಇವತ್ತು ಹಡಗಿನಲ್ಲಿ ಕೊನೆಯ ದಿನ. ಮಧ್ಯಾಹ್ನ ಕಳೆದ ಮೇಲೆ ಹಡಗು ಬಂದರು ಸೇರುತ್ತದೆ. ಬಂದರಿನಲ್ಲಿ ನಾದಿನಿ ಕಾರು ತಂದು ನಿಂತಿರುತ್ತಾಳೆ. ಮಗಳು ಬರುವುದು ಇಬ್ಬರನ್ನೂ ಮನೆಗೆ ಬಿಡುವುದಕ್ಕೆ ಎಂದು ಅತ್ತೆ ತಿಳಿದಿದ್ದಾರೆ. ಆದರೆ ಕಾರು ಹೋಗುವುದು ನಾದಿನಿಯ ಮನೆಗೆ. ಅಲ್ಲಿ ಮಕ್ಕಳ ಓದುವ ಮೇಜು ಹಜಾರಕ್ಕೆ ಬಂದು, ಅದಿದ್ದ ಜಾಗದಲ್ಲಿ ಮಂಚ ಹಾಕಿಯಾಗಿದೆ. ಅತ್ತೆಗೆ ದಪ್ಪ ದಿಂಬು ಆಗುವುದಿಲ್ಲವೆಂದು ತೆಳ್ಳನೆಯದೊಂದನ್ನು ಹುಡುಕಿ ತಂದಿಟ್ಟಾಗಿದೆ. ಸೊಸೆಗೆ ಬೇರೊಂದು ಊರಿನ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿಯ ಕೆಲಸ ಸಿಕ್ಕಿದೆ. ಅಲ್ಲೇ ಇರುವುದಕ್ಕೊಂದು ಕೋಣೆ, ಒಬ್ಬರಿಗೆ. ಬಾಡಿಗೆ ಮನೆ ಬಿಡುತ್ತೇವೆಂದು ಮಾಲೀಕರಿಗೆ ಹೇಳಿಯಾಗಿದೆ, ಹಾಲಿನವನಿಗೆ ಹೇಳಿಯಾಗಿದೆ, ಕೆಳಗಿನ ಮನೆಯ ಟೈಲರಿಗೂ ಹೇಳಿಯಾಗಿದೆ. ಅತ್ತೆಯೊಬ್ಬರಿಗೆ ಮಾತ್ರ ಹೇಳಿಲ್ಲ. “ಹಡಗಲ್ಲೇ ಹೇಳ್ಬಿಡಿ ಅತ್ತಿಗೆ,” ಎಂದಿದ್ದಳು ನಾದಿನಿ ಫೋನಿನಲ್ಲಿ. “ಮನೇಲಾದ್ರೆ ಅಮ್ಮ ಎದ್ದು ಹೊರಟುಬಿಡ್ತಾಳೆ. ಅಲ್ಲಿ ಎದ್ದು ಎಲ್ಲಿಗೆ ಹೋಗ್ತಾಳೆ, ನೀರಿಗಾ?” ಹಾಗೆಂದು ತಾನೇ ನಕ್ಕು, ನಗು ಮುಗಿಯುವ ಮೊದಲೇ ಅತ್ತಿದ್ದಳು. ಅಣ್ಣ ತೀರಿಹೋದ ಮೇಲೆ ಅವಳ ನಗುವೆಲ್ಲ ಹೀಗೇ ಅರ್ಧಕ್ಕೆ ಒದ್ದೆಯಾಗುತ್ತಿತ್ತು.

ಹೇಳಬೇಕು ಎಂದುಕೊಂಡೇ ಅವಳು ಹಡಗು ಹತ್ತಿದ್ದಳು. ಮೊದಲ ದಿನ ಅತ್ತೆ ಕೋಣೆಯ ಬಾಗಿಲು ತೆಗೆದವರೇ ಸೀದಾ ಬಾಲ್ಕನಿಗೆ ಹೋಗಿ, ಕಂಬಿ ಹಿಡಿದು, ಹಡಗು ಬಿಟ್ಟು ಬರುತ್ತಿದ್ದ ದಡವನ್ನು ನೋಡಿ, “ಅಯ್ಯೋ, ಊರೇ ಎದ್ದು ಹಿಂದಕ್ಕೆ ಹೋಗ್ತಿದೆಯಲ್ಲೇ,” ಎಂದು ಮಗುವಿನ ಹಾಗೆ ಕೂಗಿದಾಗ ಇವತ್ತು ಬೇಡ ಅನಿಸಿತು. ಮರುದಿನ ಅತ್ತೆಗೆ ಹೊಟ್ಟೆ ತೊಳಸಿತು. ಅದರ ಮರುದಿನ ಅತ್ತೆ ಎಷ್ಟು ಖುಷಿಯಾಗಿದ್ದರೆಂದರೆ, ಆ ಖುಷಿಯನ್ನು ಮುರಿಯುವುದೂ ಒಂದೇ, ಮಲಗಿದ ಮಗುವನ್ನು ಎಬ್ಬಿಸಿ ಹೊಡೆಯುವುದೂ ಒಂದೇ ಅನಿಸಿ ಸುಮ್ಮನಾದಳು. ಸುಮ್ಮನಾಗುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹುಟ್ಟಿದಾಗಿನಿಂದ ಅವಳು ಸುಮ್ಮನಿದ್ದವಳು. ಮದುವೆಯಾಗಿ ಬಂದದ್ದು ಮಾತಿನ ಸಂತೆಗೆ. ಅತ್ತೆ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು, ನೋವು ತಿನ್ನುವವರನ್ನು ಮಾತಿನಲ್ಲೇ ಹೊತ್ತು ದಾಟಿಸಿದವರು. ಅವರ ಮಗನಿಗೂ ಅದೇ ನಾಲಿಗೆ. ಅವನು ಲಿಫ್ಟು ರಿಪೇರಿಯವನು. ಅಕ್ಕಪಕ್ಕದ ಮಕ್ಕಳಿಗೆ ಲಿಫ್ಟು ಮಾಮ.

ಒಂದು ಸಲ ಬಂದರಿನಲ್ಲಿ ನಿಂತಿದ್ದ ಹಡಗಿನ ಲಿಫ್ಟು ಕೆಟ್ಟಿತೆಂದು ಅವನನ್ನು ಕಳಿಸಿದ್ದರು. ಅಲ್ಲಿಂದ ಬಂದವನು ಮತ್ತೆ ಮೊದಲಿನ ಹಾಗೆ ಆಗಲೇ ಇಲ್ಲ. ಊಟಕ್ಕೆ ಕೂತರೆ ಹಡಗು, ಎದ್ದರೆ ಹಡಗು. ಹೋಗುವುದು ಗಟ್ಟಿಯಾದ ಮೇಲಂತೂ ಹಡಗಿನ ಯಾವ ಕೋಣೆ ಹಿಡಿಯಬೇಕೆಂಬುದೇ ಮನೆಯ ಮಾತಾಯಿತು. ಫೋನಿನಲ್ಲಿ ಓದಿದ್ದನ್ನೆಲ್ಲ ಅವಳ ತಟ್ಟೆಯ ಪಕ್ಕ ತಂದು ಸುರಿಯುತ್ತಿದ್ದ. “ಕೇಳಿಲ್ಲಿ, ಹಡಗಿನ ಹಿಂಭಾಗದ ಬಾಲ್ಕನಿ ಅಂದ್ರೆ ಅಗಲ. ಹಡಗಿನ ಬದಿಯ ಕೋಣೆಗಳದ್ದು ಒಂದು ಕುರ್ಚಿಗೇ ತುಂಬಿಹೋಗುತ್ತೆ, ಇದರಲ್ಲಿ ಕಾಲು ಚಾಚಬಹುದು. ಗಾಳಿ ಮುಖಕ್ಕೆ ಹೊಡೆಯಲ್ಲ, ಇಡೀ ಹಡಗೇ ಅಡ್ಡ ನಿಂತಿರುತ್ತಲ್ಲ. ದಾಟಿ ಬಂದ ನೀರೆಲ್ಲ ಬಿಳೀ ರಸ್ತೆ ಹಾಗೆ ಬಿದ್ದಿರುತ್ತೆ ಅಂತೆ, ನೋಡ್ತಾ ಕೂತ್ರೆ ಕಣ್ಣೇ ಕೀಳೋಕಾಗಲ್ವಂತೆ.” ಒಂದು ತುತ್ತು ಬಾಯಿಗಿಟ್ಟು, ಅದು ಇಳಿಯುವ ಮೊದಲೇ ಇನ್ನೊಂದು ಪಕ್ಷದ ವಕೀಲನಾಗುತ್ತಿದ್ದ. “ಆದ್ರೆ ಕೇಳು. ಹಿಂದೆ ಕೂತವರಿಗೆ ಮುಂದೆ ಏನು ಬರ್ತಿದೆ ಅಂತ ಕಾಣಲ್ಲ. ಕೆಳಗೇ ಇಂಜಿನ್ನು, ನಡುಕ ಇದ್ದೇ ಇರುತ್ತೆ. ಮಸಿ ಬೀಳುತ್ತೆ. ಬಾಲ್ಕನಿಗಳೆಲ್ಲ ಮೆಟ್ಟಿಲ ಥರ ಕಟ್ಟಿರ್ತಾರಾ, ಮೇಲಿನವರಿಗೆ ನಾವು ತಟ್ಟೇಲಿಟ್ಟ ಹಾಗೆ ಕಾಣ್ತೀವಿ. ಎಲ್ಲಕ್ಕಿಂತ ಹೆಚ್ಚು, ಲಿಫ್ಟು ಎಷ್ಟು ದೂರ ಗೊತ್ತಾ!” ಲಿಫ್ಟು ದೂರವಿರುವುದು ತನಗೇ ಆದ ಅವಮಾನ ಎನ್ನುವಂತೆ ತಲೆಯಾಡಿಸುತ್ತಿದ್ದ. ಅವಳು ಹೂಂ ಎನ್ನುತ್ತಿದ್ದಳು. ಇಡೀ ದಿನ ಹೋಟೆಲಿನ ಲಾಂಡ್ರಿಯ ಗದ್ದಲದಲ್ಲಿ ನಿಂತು ಬಂದವಳ ಕಿವಿಗೆ ಮನೆಯ ಮಾತು ದೂರದ ನಲ್ಲಿಯ ಹಾಗೆ ಸುರಿಯುತ್ತಿತ್ತು. ಅವನಿಗೆ ಹಿಂದಿನ ಕೋಣೆ ಬೇಕು, ಅದಕ್ಕೇ ಇಷ್ಟೆಲ್ಲ, ಎಂದಷ್ಟೇ ಅವಳಿಗೆ ಅರ್ಥವಾಗಿತ್ತು. ಬೇಕಿದ್ದರೆ ಹಿಡಿಯಲಿ.

“ಸ್ವಲ್ಪ ಅದನ್ನ ತೆಗೀತೀರಾ?” ಎಂಬ ದನಿ ಮೇಲಿನಿಂದ ಬಂತು. ಹಸಿರು ಟೋಪಿಯ ಹೆಂಗಸೊಬ್ಬಳು ಮೇಲಿನ ಬಾಲ್ಕನಿಯ ಕಂಬಿಯ ಮೇಲೆ ಬಗ್ಗಿ, ಕೈಯಲ್ಲಿ ಫೋನು ಹಿಡಿದು, ನಗುವಿನಂಥದ್ದೇನನ್ನೋ ಮುಖಕ್ಕೆ ತಂದುಕೊಂಡು ನಿಂತಿದ್ದಳು. “ಸಮುದ್ರದ ಫೋಟೋ ತೆಗೀತಿದ್ದೆ. ಎಲ್ಲಾದ್ರಲ್ಲೂ ಅದೇ ಬರ್ತಿದೆ.”

“ಬರಲಿ ಬಿಡಮ್ಮ,” ಎಂದು ಅತ್ತೆ ಕತ್ತೆತ್ತಿದರು. “ಅದೂ ಮೊದಲನೇ ಸಲ ಪ್ರವಾಸ ಬಂದಿರೋದು.”

ಟೋಪಿಯ ಹಿಂದೆ ಯಾರೋ ಗಂಡಸು ನಕ್ಕ. ಸೊಸೆಯ ಕಿವಿ ಬಿಸಿಯಾಯಿತು. ಲಂಗವನ್ನು ಎಳೆದುಕೊಂಡು, ಅದು ಬಾವುಟದ ಹಾಗೆ ಬಿಚ್ಚಿಕೊಂಡದ್ದನ್ನು ಉಂಡೆ ಮಾಡಿ ಎದೆಗೊತ್ತಿಕೊಂಡು ಒಳಗೆ ಓಡಿದಳು. ಕಾರ್ಪೆಟ್ಟಿನ ಮೇಲೆ ನಿಂತು ಬಿಡಿಸಿ ನೋಡಿದರೆ ಅಂಚಿನುದ್ದಕ್ಕೂ ಸಣ್ಣ ಸಣ್ಣ ಕಪ್ಪು ಚುಕ್ಕೆ, ಹೊಗೆಕೊಳವೆಯ ಮಸಿ. ಬೆರಳು ತಾಕಿಸಿದರೆ ಮಸಿ ಹರಡುತ್ತದೆ, ಮೊದಲು ಒಣಗಿದ್ದಂತೆಯೇ ಕೊಡವಬೇಕು, ಆಮೇಲೆ ಸೋಪು: ಕೈಗಳಿಗೆ ಗೊತ್ತಿತ್ತು, ಅವು ತಾವಾಗಿಯೇ ಕೆಲಸಕ್ಕೆ ಇಳಿದವು. ಸ್ನಾನದ ಕೋಣೆಯ ಕನ್ನಡಿ ಸಣ್ಣಗೆ ನಡುಗುತ್ತಿತ್ತು. ಅದರಲ್ಲಿ ಕಂಡ ಮುಖಕ್ಕೂ ನಡುಕವಿತ್ತು. ಅದು ಹಡಗಿನದೋ ತನ್ನದೋ ತಿಳಿಯಲಿಲ್ಲ. ಒಬ್ಬರ ಒಳಲಂಗ ಒಗೆದುಕೊಡುತ್ತ ಅವರನ್ನು ಬಿಟ್ಟುಹೋಗುತ್ತೇನೆಂದು ಹೇಳುವುದು ಹೇಗೆ? ಒಗೆದು ಮುಗಿಸಿ ಹೇಳಬೇಕೇ, ಒಗೆಯುತ್ತ ಹೇಳಬೇಕೇ? ಅವಳಿಗೆ ತನ್ನ ಮೇಲೆಯೇ ನಗು ಬಂತು. ಯಾರಿಗೂ ಕೇಳಿಸದಂಥ, ಮೂಗಿನಲ್ಲೇ ಮುಗಿದುಹೋಗುವ ನಗು.

ಅತ್ತೆಯ ಜೊತೆ ಆ ಮನೆಯಲ್ಲಿ ಇನ್ನು ಇರಲಾಗದು ಎಂದು ಅವಳಿಗೆ ಅನಿಸಿದ್ದು ದುಃಖದಿಂದಲ್ಲ. ದುಃಖವನ್ನು ಇಬ್ಬರೂ ಒಂದೇ ಸೋಪಿನ ಹಾಗೆ ಬಳಸುತ್ತಿದ್ದರು. ಒಬ್ಬರು ಇಟ್ಟುಹೋದದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು, ಅದರಲ್ಲಿ ತಕರಾರಿರಲಿಲ್ಲ. ಅವನು ಹೋಗಿ ಕೆಲವು ವಾರಗಳಾದ ಮೇಲೆ, ಬಟ್ಟೆ ಮಡಚುತ್ತ ಕೂತಿದ್ದಾಗ, ಅತ್ತೆ ಒಂದು ಸಲ, ಒಂದೇ ಸಲ, ಕೇಳಿದ್ದರು. “ಅವತ್ತು ನಿನಗೆ ಫೋನ್ ಮಾಡಿದ್ನಲ್ಲ, ಏನಂದ?” ಅವಳು ತಲೆಯೆತ್ತದೆ, “ಊಟ ಆಯ್ತಾ ಅಂದ್ರು,” ಎಂದಳು. ಅತ್ತೆ ಅವಳನ್ನೇ ನೋಡಿ ಸುಮ್ಮನಾದರು. ಮತ್ತೆಂದೂ ಕೇಳಲಿಲ್ಲ. ಅತ್ತೆ ಸುಮ್ಮನಾಗುವುದೆಂದರೆ ಸಣ್ಣ ಮಾತಲ್ಲ. ಅಂದಿನಿಂದ ಆ ಸುಳ್ಳು ಮನೆಯಲ್ಲಿ ಮೂರನೆಯವರ ಹಾಗೆ ಓಡಾಡಿಕೊಂಡಿತ್ತು. ಅಡುಗೆಮನೆಗೆ ಹೋದರೆ ಅಲ್ಲಿ, ಮಲಗಿದರೆ ಅಲ್ಲಿ. ಅವನು ಏನೆಂದನೋ ಅವಳಿಗೆ ಗೊತ್ತಿರಲಿಲ್ಲ. ಹೋಟೆಲು ತುಂಬಿದ ದಿನ ಅದು, ಹಾಸುಬಟ್ಟೆಗಳು ಗುಡ್ಡೆ ಬಿದ್ದಿದ್ದವು. ಇಸ್ತ್ರಿ ಮಾಡುವ ಬಿಸಿ ರೋಲರಿಗೆ ಒದ್ದೆ ಹಾಸು ಕೊಡುವಾಗ ಈ ತುದಿಗೊಬ್ಬಳು ಆ ತುದಿಗೊಬ್ಬಳು ಇರಲೇಬೇಕು, ಒಬ್ಬಳು ಕೈಬಿಟ್ಟರೆ ಬಟ್ಟೆ ಸುಕ್ಕಾಗಿ ಸಿಕ್ಕಿಕೊಂಡು ಸುಡುತ್ತದೆ. ಫೋನು ಬಂತು. ಎತ್ತಿದಳು. “ಕೇಳಿಲ್ಲಿ,” ಎಂದ ಅವನು. ಅಷ್ಟೇ ಕೇಳಿಸಿದ್ದು. ಮತ್ತೆ ಅದೇ ಹಡಗು, ಎಂದುಕೊಂಡು, ಕರೆ ಕತ್ತರಿಸಿದರೆ ಬೇಜಾರು ಮಾಡಿಕೊಳ್ಳುತ್ತಾನೆಂದು, ಫೋನನ್ನು ಹಾಗೆಯೇ ಮಡಚುವ ಮೇಜಿನ ಮೇಲೆ ಮಲಗಿಸಿ, ಹೋಗಿ ಹಾಸಿನ ತುದಿ ಹಿಡಿದಳು. ರೋಲರಿನ ಸದ್ದಿನ ನಡುವೆ ಮೇಜಿನ ಕಡೆಯಿಂದ ಹುಳುವೊಂದು ಗುಂಯ್‌ಗುಡುವ ಹಾಗೆ ಅವನ ಮಾತು. ಎದುರಿನ ತುದಿಯವಳು, “ನಿನ್ನ ಗಂಡ ಇನ್ನೂ ಮಾತಾಡ್ತಿದಾನೆ ನೋಡೇ,” ಎಂದು ನಕ್ಕಳು, ಇವಳೂ ನಕ್ಕಳು. ಹಾಸು ಮುಗಿಸಿ ಬಂದಾಗ ಫೋನು ಕಪ್ಪಾಗಿತ್ತು. ಆ ಮಧ್ಯಾಹ್ನ ಅವನು ಯಾವುದೋ ಕಟ್ಟಡದಲ್ಲಿ, ಕೆಟ್ಟ ಲಿಫ್ಟಿನ ಹೊರಗೆ, ಮೆಟ್ಟಿಲ ಮೇಲೆ ಸುಸ್ತೆಂದು ಕೂತವನು ಏಳಲಿಲ್ಲ.

ಟಿಕೆಟಿನಲ್ಲಿ ಅವನ ಹೆಸರಿದ್ದ ಕಡೆ ಅತ್ತೆಯ ಹೆಸರು ಹಾಕಿಸಿದ್ದು ನಾದಿನಿ. “ಹೋಗಿ ಬನ್ನಿ, ಅವನ ಆಸೆ,” ಎಂದಿದ್ದಳು.

ಊಟಕ್ಕೆ ಹೊರಟರು. ಅವರ ಕೋಣೆಯಿಂದ ಊಟದ ಹಾಲಿಗೆ ಹೋಗಬೇಕೆಂದರೆ ಹಡಗಿನ ಬೆನ್ನಿನಿಂದ ಹೊಟ್ಟೆಯವರೆಗೆ ನಡೆಯಬೇಕು. ಎರಡೂ ಬದಿ ಒಂದೇ ಥರದ ಬಾಗಿಲು, ಒಂದೇ ಥರದ ಕಾರ್ಪೆಟ್ಟು, ಮುಗಿಯದ ಓಣಿ. ಅವನು ಹೇಳಿದ್ದು ನಿಜ, ಲಿಫ್ಟು ದೂರವೇ. ಅತ್ತೆಗೆ ಮಾತ್ರ ಆ ಓಣಿಯೆಂದರೆ ಬೀದಿ. ಬಾಗಿಲು ತೆರೆದಿದ್ದ ಕಡೆಯೆಲ್ಲ ನಿಂತು, ಮಂಡಿಯ ಮೇಲೆ ಕೈಯೂರಿ, “ಏನ್ರೀ, ಗಂಟು ಕಟ್ಟಿದ್ರಾ?” ಎಂದು ಕೇಳುವುದು, ಅವರ ಮೊಮ್ಮಕ್ಕಳ ವಿಷಯ ತಿಳಿದುಕೊಳ್ಳುವುದು. “ಇವಳು ನನ್ನ ಸೊಸೆ. ಮಗಳೇ ಅನ್ನಬಹುದು, ಆದ್ರೆ ಮಗಳಾದ್ರೆ ಹೇಳಿದ ಮಾತು ಇಷ್ಟು ಕೇಳಲ್ಲ, ಅದಕ್ಕೆ ಸೊಸೆ ಅಂತಲೇ ಅಂತೀನಿ.” ಪ್ರತಿ ಬಾಗಿಲಲ್ಲೂ ಇದೇ ಮಾತು, ಪ್ರತಿ ಸಲವೂ ಹೊಸದಾಗಿ ಹೊಳೆದ ಹಾಗೆ. ಅವಳು ಪ್ರತಿ ಬಾಗಿಲಲ್ಲೂ ಹಲ್ಲು ಕಾಣಿಸಿ ನಿಂತಳು. ಒಂದು ಕಡೆ ಓಣಿ ಖಾಲಿಯಿತ್ತು. ಈಗ, ಅನಿಸಿತು. “ಅತ್ತೆ, ಒಂದು ಮಾತು.” “ಹೇಳು.” ಅಷ್ಟರಲ್ಲಿ ತಿರುವಿನಿಂದ ಹಾಸುಬಟ್ಟೆಗಳ ಗಾಡಿ ತಳ್ಳಿಕೊಂಡು ಕೋಣೆ ಶುಚಿ ಮಾಡುವಾತ ಬಂದ. ಅವಳ ಕಣ್ಣು ತಾನಾಗಿಯೇ ಮೇಲಿನ ಹಾಸಿನ ಅಂಚಿಗೆ ಹೋಯಿತು. “ಅಂಚು ಒಳಗೆ ಮಡಚಿಲ್ಲ ಇವರು,” ಎಂದಳು.

“ಇದನ್ನ ಹೇಳೋಕಾ ನನ್ನ ನಿಲ್ಲಿಸಿದ್ದು?” ಎಂದರು ಅತ್ತೆ. “ನಿಮ್ಮ ಸಾಹೇಬರಿಗೆ ಹೇಳಪ್ಪ,” ಎಂದು ಆತನ ಕಡೆ ತಿರುಗಿದರು, “ನನ್ನ ಸೊಸೆಗೆ ನಿಮ್ಮ ಹಡಗಿನ ಅಂಚು ಹಿಡಿಸಲಿಲ್ಲವಂತೆ, ವಾಪಸ್ ಕಳಿಸ್ತಾಳಂತೆ.” ಆತ ನಕ್ಕು ಗಾಡಿ ಬದಿಗೆ ಸರಿಸಿದ. ಮಾತು ಗಾಡಿಯ ಜೊತೆಗೇ ಉರುಳಿಹೋಯಿತು.

ಊಟ ಮುಗಿಸಿ ವಾಪಸು ಬಂದು ಬಾಲ್ಕನಿಯಲ್ಲಿ ಕೂತರು. ದೂರದಲ್ಲಿ ಯಾವುದೋ ಗುಡ್ಡ, ಯಾವುದೋ ದೀಪಸ್ತಂಭ ಹಡಗಿನ ಮಗ್ಗುಲಿಗೆ ಇದ್ದಕ್ಕಿದ್ದ ಹಾಗೆ ಕಾಣಿಸಿಕೊಂಡು ಹಿಂದಕ್ಕೆ ಸರಿಯುತ್ತಿದ್ದವು. ಈ ಕೋಣೆಯಲ್ಲಿ ಏನು ಕಂಡರೂ ಅದು ಆಗಲೇ ದಾಟಿದ್ದು. ಬಂದರು ಎಷ್ಟು ಹತ್ತಿರ ಬಂತೆಂದು ತಿಳಿಯಲು ದಾರಿಯಿಲ್ಲ. ಮುಂದಿನವರಿಗೆ ಕಾಣುತ್ತಿರಬಹುದು ದಡ, ಕ್ರೇನುಗಳು, ಕಾರುಗಳ ಸಾಲು, ಅದರಲ್ಲೊಂದರ ಪಕ್ಕ ನಾದಿನಿ. ಅವಳಿಗೆ ಕಾಣುತ್ತಿದ್ದುದು ಉದ್ದಕ್ಕೆ ಬಿಚ್ಚಿಕೊಳ್ಳುತ್ತಿದ್ದ ಬಿಳಿ ನೊರೆ ಮಾತ್ರ. ಕೊನೆಯಲ್ಲಿ ಅದು ಮಡಿಕೆ ಹೋಗಿ ಬರೀ ನೀರಾಗುತ್ತಿತ್ತು. ಅತ್ತೆ ಬಟ್ಟಲಿನ ಕಾಫಿಯಲ್ಲಿ ಎದ್ದ ಸಣ್ಣ ಸಣ್ಣ ಉಂಗುರಗಳನ್ನು ನೋಡುತ್ತ ಕೂತಿದ್ದವರು ಒಂದು ಸಲ ನಕ್ಕರು.

“ನಿನ್ನ ಗಂಡ ಈ ಕೋಣೇಲಿ ಒಂದು ದಿನ ಇರ್ತಿರಲಿಲ್ಲ ಕಣೇ.”

“ಯಾಕೆ ಅತ್ತೆ? ಅವರೇ ಅಲ್ವಾ ಇದೇ ಬೇಕು ಅಂದಿದ್ದು?”

“ಅವನಾ?” ಅತ್ತೆ ಬಟ್ಟಲು ಕೆಳಗಿಟ್ಟರು. “ಅವನಿಗೆ ಹಡಗಿನ ಮಧ್ಯದ ಕೋಣೆ ಬೇಕಿತ್ತು. ಇಡೀ ದಿನ ಲಿಫ್ಟಿನ ನಡುಗೋ ಗೋಡೆ ಮುಟ್ಟಿ ಮುಟ್ಟಿ ಸಾಕಾಗುತ್ತಮ್ಮ, ಹೋದ ಕಡೆಯಾದ್ರೂ ಗೋಡೆ ಸುಮ್ಮನಿರಲಿ ಅಂತಿದ್ದ. ನೀನೇ ಅಲ್ವೇನೇ ಹಿಂದಿನದು ಇಷ್ಟ ಅಂದಿದ್ದು? ಬಾಲ್ಕನಿ ಅಗಲ ಇದ್ರೆ ಬಟ್ಟೆ ಒಣಗುತ್ತೆ ಅಂದ್ಯಂತೆ.”

ಅವಳಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಫೋನಿನಲ್ಲಿ ಯಾವುದೋ ಚಿತ್ರ ತೋರಿಸಿದ್ದ. ಅವಳು ತಟ್ಟೆ ತೊಳೆಯುತ್ತಿದ್ದಳು. “ಒಳ್ಳೇದಾಯ್ತು, ಬಟ್ಟೆ ಒಣಗಿಸೋಕೆ ಜಾಗ ಇದೆ,” ಎಂದಿದ್ದಳು. ಕುಟುಕಬೇಕೆಂದೇ ಅಂದದ್ದು. ಅವನು ಒಂದು ಕ್ಷಣ ಅವಳ ಬೆನ್ನನ್ನೇ ನೋಡುತ್ತ ನಿಂತಿದ್ದನೇನೋ.

“ತಮಾಷೆಗೆ ಅಂದಿದ್ದೆ ಅತ್ತೆ.”

“ನಗದೆ ತಮಾಷೆ ಮಾಡಿದ್ರೆ ಯಾರಿಗೆ ಗೊತ್ತಾಗಬೇಕು? ಅವನಂತೂ ಮನೆ ತುಂಬ ಹೇಳ್ಕೊಂಡು ಬಂದ. ‘ಅಮ್ಮಾ, ಮದುವೆ ಆದಾಗಿನಿಂದ ಅವಳು ಇದೊಂದು ಬೇಕು ಅಂತ ಬಾಯಿಬಿಟ್ಟಿದಾಳೆ’ ಅಂತ. ಅದಕ್ಕೇ ಅಲ್ವಾ ಬೆಳಿಗ್ಗೆ ನಾನು ಲಂಗ ಹಾಕಿದ್ದು? ಕೊನೇ ದಿನ ಬಂದ್ರೂ ನೀನು ಒಂದು ಕರ್ಚೀಫೂ ಒಣಗಿಸಲಿಲ್ಲ. ಅವನ ಮಾತಿಗೆ ಬೆಲೆ ಇರಲಿ ಅಂತ ನಾನೇ ಹಾಕಿದೆ.” ಅತ್ತೆ ಸಮುದ್ರದ ಕಡೆ ತಿರುಗಿಕೊಂಡರು. “ಆದ್ರೂ ಅವನಿಗೆ ಮನಸ್ಸು ಹೊಯ್ದಾಡ್ತಾನೇ ಇತ್ತು. ಕೋಣೆ ಬದಲಾಯಿಸೋಕೆ ಕೊನೇ ದಿನ ಅಂತ ಅವತ್ತು ನಿನ್ನ ಕೇಳ್ತೀನಿ ಅಂದ. ಆಮೇಲೆ ನನಗೆ ಮಾಡಿದ್ದ ಫೋನು. ‘ಎಲ್ಲಾ ಬಿಡಿಸಿ ಹೇಳಿದೆ ಅಮ್ಮಾ, ಮಧ್ಯದ್ದಕ್ಕೆ ಹೋಗೋಣ್ವಾ ಅಂದೆ. ಏನೂ ಅನ್ನಲಿಲ್ಲ ಅವಳು. ಬೇಜಾರಾಯ್ತೇನೋ. ಇರಲಿ ಬಿಡು, ಹಿಂದಿನದೇ ಇರಲಿ, ನಡುಕ ಅಭ್ಯಾಸ ಆಗುತ್ತೆ’ ಅಂದ. ನೀನು ನನ್ನ ಹತ್ರ, ಊಟ ಆಯ್ತಾ ಅಂದ್ರು ಅಂದೆ. ನಾನೂ ಸುಮ್ಮನಾದೆ. ಗಂಡ ಹೆಂಡತಿ ಮಧ್ಯೆ ನೂರು ಇರುತ್ತೆ, ಎಲ್ಲಾ ಮುದುಕಿಗೆ ಯಾಕೆ ಹೇಳಬೇಕು?”

ಅತ್ತೆಯ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವಳು ಬಾಲ್ಕನಿಯ ಕಂಬಿ ನೋಡಿದಳು, ಕಂಬಿಯ ಮೇಲೆ ಉಪ್ಪಿನ ಪೊರೆ ನೋಡಿದಳು. ಅವನು ಅಷ್ಟು ಹೊತ್ತು ಮಾತಾಡಿದ್ದು ಆಯ್ಕೆಯನ್ನು ಅವಳ ಮುಂದಿಡುವುದಕ್ಕೆ. ಬಾಲ್ಕನಿಯ ಅಗಲ, ಗಾಳಿ, ಮಸಿ, ನಡುಕ ಎಲ್ಲವನ್ನೂ ಮತ್ತೊಮ್ಮೆ ತೂಗಿ, ಕೊನೆಗೆ ನಿನಗೆ ಯಾವುದು ಎಂದು ಕೇಳಿ, ಉತ್ತರಕ್ಕೆ ಕಾದಿದ್ದಾನೆ. ಎಷ್ಟು ಹೊತ್ತು ಕಾದನೋ. ಆ ಕಡೆಯಿಂದ ಅವನಿಗೆ ಕೇಳಿಸಿದ್ದು ರೋಲರಿನ ಗುಡುಗುಡು, ಮತ್ತೆ, ಅಯ್ಯೋ, ಮತ್ತೆ ಇಬ್ಬರು ಹೆಂಗಸರ ನಗು. ಅದನ್ನು ಅವನು ಅವಳ ಮುನಿಸು ಎಂದುಕೊಂಡ, ಅವಳ ಆಸೆ ಎಂದುಕೊಂಡ, ತನ್ನ ಆಸೆಯನ್ನು ಮಡಚಿ ಬದಿಗಿಟ್ಟ. ಇಬ್ಬರಿಗೂ ಬೇಡವಾಗಿದ್ದ ಕೋಣೆ ಇದು. ಅವನಿಗೋಸ್ಕರ ಅವಳು, ಅವಳಿಗೋಸ್ಕರ ಅವನು ಒಪ್ಪಿಕೊಂಡದ್ದು. ಈಗ ಅದರಲ್ಲಿ ಅತ್ತೆ ಕಾಲು ನೀಡಿ ಕೂತಿದ್ದಾರೆ. ಫೋನನ್ನು ಮೇಜಿನ ಮೇಲೆ ಮಲಗಿಸಿದ್ದೆ ಎಂದು ಅವಳಿಗೆ ಬಾಯಿಯವರೆಗೆ ಬಂತು. ಬಂದದ್ದು ಹಾಗೆಯೇ ಇಳಿದುಹೋಯಿತು. ಅದನ್ನು ಹೇಳಿದರೆ ಅತ್ತೆಯ ಮಗ ಕೊನೆಗೆ ಮಾತಾಡಿದ್ದು ಖಾಲಿ ಮೇಜಿನ ಜೊತೆ ಎಂದಾಗುತ್ತದೆ. ಈಗಿರುವ ಹಾಗೆ ಅವನು ಮಾತಾಡಿದ್ದು ಮುನಿಸಿಕೊಂಡ ಹೆಂಡತಿಯ ಜೊತೆ. ಅದೇ ವಾಸಿ. ಅಷ್ಟಾದರೂ ಅತ್ತೆಗೆ ಉಳಿಯಲಿ.

ಆದರೆ ಇನ್ನೊಂದನ್ನು ನುಂಗುವ ಹಾಗಿರಲಿಲ್ಲ. ಬೆಳಗಿನಿಂದ ಅವಳ ಮನಸ್ಸಿನ ಮೂಲೆಯಲ್ಲೊಂದು ಹೇಡಿ ಯೋಚನೆ ಬೆಚ್ಚಗೆ ಕೂತಿತ್ತು: ಹೇಳದೆ ಇದ್ದುಬಿಟ್ಟರೆ? ಕಾರು ನಾದಿನಿಯ ಮನೆಯ ಮುಂದೆ ನಿಂತಾಗ ನಾದಿನಿಯೇ ಹೇಳಿಕೊಳ್ಳಲಿ. ಆಗ ಅತ್ತೆ ಇವಳ ಮುಖ ನೋಡುತ್ತಾರೆ, ಇವಳು ಸುಮ್ಮನಿರುತ್ತಾಳೆ, ಆ ಮೌನಕ್ಕೆ ಅತ್ತೆ ತಮಗೆ ತೋಚಿದ ಅರ್ಥ ತುಂಬಿಕೊಂಡು ಉಳಿದ ಆಯುಸ್ಸು ಅದನ್ನೇ ಮೆಲ್ಲುತ್ತಾರೆ. ನನ್ನದೇನು ತಪ್ಪಾಯಿತೋ, ಲಂಗ ಒಣಹಾಕಿದ್ದಕ್ಕೋ, ಬಾಗಿಲು ಬಾಗಿಲಲ್ಲಿ ನಿಂತು ಮಾತಾಡಿದ್ದಕ್ಕೋ. ಮಗ ಮಾಡಿದ ಹಾಗೆಯೇ ತಾಯಿಯೂ ಮಾಡುತ್ತಾರೆ, ತಮ್ಮದನ್ನು ಮಡಚಿ ಬದಿಗಿಟ್ಟು, ಇರಲಿ ಬಿಡು ಎನ್ನುತ್ತಾರೆ.

ಆಗ ಹಡಗು ನಡುಗಿತು. ಇಷ್ಟು ದಿನ ಕನ್ನಡಿಯಲ್ಲಿ, ಬಟ್ಟಲಿನಲ್ಲಿ ಇದ್ದ ಸಣ್ಣ ನಡುಕವಲ್ಲ. ಕೆಳಗೆ ಯಾವುದೋ ದೈತ್ಯ ಹಲ್ಲು ಕಡಿದ ಹಾಗೆ ಇಡೀ ಕೋಣೆ ಗಡಗಡಿಸಿತು, ಗಾಜಿನ ಬಾಗಿಲು ಚೌಕಟ್ಟಿನಲ್ಲಿ ಕುಣಿಯಿತು, ಹಿಂದಿನ ನೀರು ಹಸಿರಾಗಿ ಕುದಿಯತೊಡಗಿತು. ಇಂಜಿನ್ನನ್ನು ಹಿಮ್ಮುಖವಾಗಿ ತಿರುಗಿಸಿ, ಬಂದ ದಿಕ್ಕಿಗೇ ಎಳೆದು ಹಡಗನ್ನು ನಿಲ್ಲಿಸುತ್ತಿದ್ದರು. ಬಂದರು ಬಂದಿತ್ತು. ಇದನ್ನೂ ಅವನು ಹೇಳಿದ್ದನೇನೋ. ಹೇಳಿದ್ದರೆ ಅವಳು ಕೇಳಿಸಿಕೊಂಡಿರಲಿಲ್ಲ. ಅತ್ತೆ ಕಂಬಿ ಹಿಡಿದು ಎದ್ದು ನಿಂತರು.

“ಅತ್ತೆ, ನನಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ.”

“ಆಂ?”

“ಕೆಲಸ! ಬೇರೆ ಊರಲ್ಲಿ!”

“ಏನು ಊರು? ಊರು ಬಂತಾ?”

“ಒಬ್ಬರಿಗೇ ಜಾಗ ಇರೋದು. ನೀವು ಇವತ್ತು ಮಗಳ ಮನೆಗೆ...”

ಅತ್ತೆ ಕಿವಿಗೆ ಕೈಯೊಡ್ಡಿ ನಗುತ್ತ ತಲೆಯಾಡಿಸಿದರು, ಏನೂ ಕೇಳಿಸುತ್ತಿಲ್ಲವೆಂದು. ಆ ನಗು ಕಂಡು ಅವಳಿಗೆ ತಾನು ಮಾಡುತ್ತಿರುವುದೇನೆಂದು ಹೊಳೆಯಿತು. ಕೇಳಿಸದ ಹೊತ್ತು ನೋಡಿಯೇ ಬಾಯಿ ತೆರೆದಿದ್ದಳು. ಹೇಳಿದ್ದೆ ಎಂದು ಆಮೇಲೆ ಹೇಳಿಕೊಳ್ಳುವುದಕ್ಕೆ. ನಾಚಿಕೆ ಹೊಟ್ಟೆಯಿಂದ ಎದ್ದು ಬಂತು, ಅದರ ಜೊತೆಗೇ ದನಿಯೂ. ಹುಟ್ಟಿದಾಗಿನಿಂದ ಅಷ್ಟು ಗಟ್ಟಿಯಾಗಿ ಅವಳು ಕೂಗಿರಲಿಲ್ಲ.

“ನಾನಿನ್ನು ನಿಮ್ಮ ಜೊತೆ ಇರಲ್ಲ ಅತ್ತೆ!”

ನಡುಕ ಅದಕ್ಕಿಂತ ಒಂದು ಮಾತು ಮೊದಲೇ ನಿಂತುಹೋಗಿತ್ತು. ಯಾರೋ ದಾರ ಕತ್ತರಿಸಿದ ಹಾಗೆ ಎಲ್ಲ ಸದ್ದೂ ಒಮ್ಮೆಲೇ ಬಿದ್ದು, ಅವಳ ಕೂಗೊಂದೇ ನೀರಿನ ಮೇಲೆ ಹೋಯಿತು. ಮೇಲಿನ ಬಾಲ್ಕನಿಯಲ್ಲಿ ಹಸಿರು ಟೋಪಿ ಬಗ್ಗಿತು, ಅದರ ಪಕ್ಕ ಗಂಡಸಿನ ಮುಖ, ಅದರ ಮೇಲಿನದರಲ್ಲಿ ಇನ್ನಾರೋ. ಎಲ್ಲರೂ ತಟ್ಟೆಯಲ್ಲಿಟ್ಟದ್ದನ್ನು ನೋಡುವ ಹಾಗೆ ನೋಡುತ್ತಿದ್ದರು. ಅವಳಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಅತ್ತೆಯ ಕೈ ಇನ್ನೂ ಕಿವಿಯ ಬಳಿಯೇ ಇತ್ತು. ನಗು ಮಾತ್ರ ಮುಖದಲ್ಲಿ ಇಡಲು ಜಾಗ ಸಿಗದೆ ನಿಂತಿತ್ತು. ಆಮೇಲೆ ಅತ್ತೆ ನಿಧಾನವಾಗಿ ಕತ್ತೆತ್ತಿ ಮೇಲಿನವರನ್ನು ನೋಡಿದರು.

“ನನಗೆ ಕಿವಿ ಮಂದ ಕಣಮ್ಮ,” ಎಂದರು. “ಪಾಪ, ನನ್ನ ಸೊಸೆ ಹೀಗೆ ಗಂಟಲು ಹರ್ಕೋಬೇಕಾಗುತ್ತೆ.”

ಎರಡು ಮನೆಯಾಚೆ ಚಮಚ ಬಿದ್ದರೂ ಕೇಳಿಸುವ ಕಿವಿ ಅದು. ಟೋಪಿ ಹಿಂದಕ್ಕೆ ಸರಿಯಿತು. ಅತ್ತೆ ಗಾಜಿನ ಬಾಗಿಲು ಸರಿಸಿ, “ಬಾ ಒಳಗೆ,” ಎಂದು ಮುಂದೆ ಹೋದರು.

ಹಾಸಿಗೆಯ ಅಂಚಿನಲ್ಲಿ ಕೂತರು. ಅವಳು ನಿಂತೇ ಎಲ್ಲ ಹೇಳಿದಳು, ಆಸ್ಪತ್ರೆ, ಕೆಲಸ, ನಾದಿನಿಯ ಮನೆಯ ಮಂಚ, ಮನೆ ಬಿಡುವುದು. ಅತ್ತೆ ನಡುವೆ ಬಾಯಿ ಹಾಕಲಿಲ್ಲ. ಅವರು ಹಾಗೆ ಕೇಳುವುದನ್ನು ಅವಳು ಎಂದೂ ಕಂಡಿರಲಿಲ್ಲ. ಹೆರಿಗೆಮನೆಯಲ್ಲಿ ಹೀಗೇ ಕೂತಿರುತ್ತಿದ್ದರೇನೋ, ಮಾತು ಉಪಯೋಗಕ್ಕೆ ಬಾರದ ಹೊತ್ತಿನಲ್ಲಿ. ಹೊರಗೆ ಧ್ವನಿವರ್ಧಕದಲ್ಲಿ ಯಾವುದೋ ಮಹಡಿಯವರು ಇಳಿಯಬಹುದೆಂದು ಹೇಳುತ್ತಿದ್ದರು.

“ಆಸ್ಪತ್ರೆ ಅಂದ್ರೆ ರಕ್ತದ ಬಟ್ಟೆ ಎಲ್ಲಾ ಬರುತ್ತೆ,” ಎಂದರು ಅತ್ತೆ ಕೊನೆಗೆ.

“ಬರುತ್ತೆ. ಮಿಷನ್ನು ಒಗೆಯುತ್ತೆ.”

“ತಣ್ಣೀರಲ್ಲಿ ಮೊದಲು ನೆನೆಸು ಅನ್ನು ಅವರಿಗೆ. ಬಿಸಿನೀರು ಹಾಕಿದ್ರೆ ಕಲೆ ಕೂತುಬಿಡುತ್ತೆ.”

“ಗೊತ್ತು ಅತ್ತೆ.”

“ನಿನಗೆ ಗೊತ್ತಿರುತ್ತೆ, ಹೌದು.” ಅತ್ತೆ ಹಾಸಿನ ಸುಕ್ಕೊಂದನ್ನು ಅಂಗೈಯಲ್ಲಿ ಸವರಿದರು. “ಆ ಕೋಣೆಗೆ ಕಿಟಕಿ ಇದೆಯಾ?”

“ಇನ್ನೂ ನೋಡಿಲ್ಲ.”

“ನೋಡದೇ ಒಪ್ಕೊಂಡ್ಯಾ?” ಅತ್ತೆ ಮೊದಲ ಸಲ ತಲೆಯೆತ್ತಿದರು. “ಅಷ್ಟು ಅವಸರ ಇತ್ತಾ ನಿನಗೆ?”

ಇದಕ್ಕೆ ಅವಳು ಏನೂ ಅನ್ನದಿರಬಹುದಿತ್ತು. ಅನ್ನದಿದ್ದರೆ ಅತ್ತೆಯೇ ಏನಾದರೊಂದು ಒಳ್ಳೆಯ ಅರ್ಥ ಹುಡುಕಿಕೊಡುತ್ತಿದ್ದರು, ಈಗಷ್ಟೇ ಮೇಲಿನವರ ಮುಂದೆ ಹುಡುಕಿಕೊಟ್ಟ ಹಾಗೆ. ಅದು ಗೊತ್ತಿದ್ದರಿಂದಲೇ ಅವಳು ಬಾಯಿ ತೆರೆದಳು.

“ಇತ್ತು ಅತ್ತೆ.”

ಅತ್ತೆ ತಲೆದೂಗಿದರು. ಬಹಳ ದಿನದಿಂದ ಕೇಳಬೇಕೆಂದಿದ್ದ ವಿಳಾಸವೊಂದನ್ನು ಯಾರೋ ಸರಿಯಾಗಿ ಹೇಳಿದ ಹಾಗೆ, ಎರಡು ಸಲ. ಮಂಡಿಯ ಮೇಲೆ ಕೈಯೂರಿ ಎದ್ದರು. ಅವಳು ಕೈ ಚಾಚಿದ್ದು ಅವರಿಗೆ ಕಾಣಲಿಲ್ಲ, ಅಥವಾ ಕಂಡಿತು.

“ತಲೆ ಬಾಚ್ಕೊಂಡು ಬರ್ತೀನಿ ಇರು,” ಎಂದರು. “ಹೀಗೇ ಹೋದ್ರೆ ಮಗಳ ಅತ್ತೆಮಾವ ಏನಂದ್ಕೋತಾರೆ.”

ಸ್ನಾನದ ಕೋಣೆಯ ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದಾಯಿತು, ಆಮೇಲೆ ನಲ್ಲಿ ತಿರುಗಿಸಿದ ಸದ್ದು. ಧ್ವನಿವರ್ಧಕ ಅವರ ಮಹಡಿಯನ್ನು ಕರೆಯಿತು, ಮತ್ತೊಮ್ಮೆ ಕರೆಯಿತು. ನೀರು ಹರಿಯುತ್ತಲೇ ಇತ್ತು. ಅವಳು ಬಾಗಿಲ ಹೊರಗೆ ನಿಂತಿದ್ದಳು. ತಲೆ ಬಾಚುವುದಕ್ಕೆ ಅಷ್ಟು ನೀರು ಬೇಕಾಗುವುದಿಲ್ಲ.